ಅತ್ತೆ-ಮಾವ ಬಂದಾಗ ಮಳೆ ಹಿಡಿದರೆ: ಉತ್ತರ ಬೆಂಗಳೂರಿನವರಿಗೆ ಒಂದು ದಿನದ ಯೋಜನೆ

ಗೌರಿ-ಗಣೇಶ ಹಬ್ಬಕ್ಕೋ ದಸರಾ ರಜೆಗೋ ಊರಿನಿಂದ ಅತ್ತೆ-ಮಾವ ಬರುತ್ತಾರೆ. ಜೊತೆಗೆ ನಾದಿನಿ, ಭಾವಮೈದುನ, ಅವರ ಮಕ್ಕಳು. ಬೆಂಗಳೂರಿನಲ್ಲಿ ವರ್ಷದ ಜೋರು ಮಳೆಯೂ ಆ ದಿನಗಳಲ್ಲೇ. ಹನ್ನೆರಡು ತಿಂಗಳಲ್ಲಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್‌ನಲ್ಲಿ. ಸರಾಸರಿ ಲೆಕ್ಕದಲ್ಲಿ ಸುಮಾರು 20 ಸೆಂ.ಮೀ. ಅಕ್ಟೋಬರ್ ಕೂಡ ಅದರ ಹಿಂದೆಯೇ ಇದೆ. ಹಾಗಾಗಿ ಬಂದವರಿಗೆ ಊರು ತೋರಿಸಲು ಹೊರಡುವ ದಿನ ಮಳೆ ಬರುತ್ತದೆ ಎಂದುಕೊಂಡೇ ಯೋಜನೆ ಹಾಕುವುದು ಒಳ್ಳೆಯದು.

ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರದ ಕಡೆ ಇರುವವರಿಗೆ ಇನ್ನೊಂದು ತೊಡಕಿದೆ. ಊರು ನೋಡುವುದು ಎಂದರೆ ಎಲ್ಲರ ಬಾಯಲ್ಲೂ ಬರುವ ಲಾಲ್‌ಬಾಗ್, ಬಸವನಗುಡಿ, ಬನ್ನೇರುಘಟ್ಟ ಎಲ್ಲವೂ ದಕ್ಷಿಣದ ಕಡೆ ಇವೆ. ಮಳೆಯಲ್ಲಿ ಊರನ್ನು ಉದ್ದಕ್ಕೆ ಸೀಳಿಕೊಂಡು ಹೋಗಿ ಬರುವಷ್ಟರಲ್ಲಿ ದಿನದ ಮುಕ್ಕಾಲು ಭಾಗ ಕಾರಿನೊಳಗೇ ಕಳೆಯುತ್ತದೆ. ದೂರದಿಂದ ಪ್ರಯಾಣ ಮಾಡಿ ಬಂದ ಹಿರಿಯರಿಗೆ ಮತ್ತೆ ಪ್ರಯಾಣವೇ ಗತಿ.

ನನ್ನ ಸಲಹೆ ಇಷ್ಟು: ಆ ದಿನ ಉತ್ತರದಲ್ಲೇ ಇರಿ. ಸೂರಿನಡಿ ನೋಡುವಂಥ ಎರಡು ಜಾಗ, ಕುಳಿತು ಮಾಡುವ ಒಂದು ಊಟ, ಸಂಜೆ ನಾಲ್ಕರ ಹೊತ್ತಿಗೆ ಮನೆ. ಇಷ್ಟಕ್ಕೆ ಬೇಕಾದದ್ದೆಲ್ಲ ಜಾಲಹಳ್ಳಿಯಿಂದ ಮಲ್ಲೇಶ್ವರದವರೆಗಿನ ಪಟ್ಟಿಯಲ್ಲಿ ಸಿಗುತ್ತದೆ.

ಮೊದಲು ಮಳೆಯ ಹೊತ್ತು ತಿಳಿಯಿರಿ

ಮಲೆನಾಡಿನಿಂದ ಬಂದ ಮಾವನವರು ಕಿಟಕಿಯಲ್ಲಿ ನೋಡಿ, "ಇದೇನ್ ಮಳೆ, ಹೊರಡಿ ಹೋಗೋಣ" ಎನ್ನಬಹುದು. ಅವರ ಲೆಕ್ಕದಲ್ಲಿ ಅದು ಸರಿಯೇ. ಆದರೆ ಮಲೆನಾಡಿನ ಮಳೆ ಇಳಿದು ಹೋಗಲು ಹಳ್ಳ ಇದೆ, ಇಂಗಲು ಮಣ್ಣಿದೆ. ಇಲ್ಲಿ ಗಂಟೆಯೊಳಗೆ ಸುರಿದ ನೀರು ಕಾಂಕ್ರೀಟಿನ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ.

ಮುಂಗಾರಿನ ನಡುವಿನ ಜೂನ್-ಜುಲೈ ಮಳೆ ಹೆಚ್ಚಾಗಿ ಗಾಳಿಯೊಂದಿಗೆ ಬರುವ ಜಿಟಿಜಿಟಿ. ಅದಕ್ಕೆ ಛತ್ರಿ ಸಾಕು. ಏಪ್ರಿಲ್-ಮೇ ಹಾಗೂ ಸೆಪ್ಟೆಂಬರ್-ಅಕ್ಟೋಬರ್‌ನ ಮಳೆ ಬೇರೆ ಜಾತಿಯದು. ಬೆಳಗ್ಗೆ ಬಿಸಿಲು ಏರುತ್ತದೆ, ನೆಲ ಕಾಯುತ್ತದೆ, ಮಧ್ಯಾಹ್ನದ ಮೇಲೆ ಮೋಡ ಕಟ್ಟುತ್ತದೆ, ಮೂರು-ನಾಲ್ಕು ಗಂಟೆಯ ನಂತರ ಗುಡುಗು ಸಹಿತ ಸುರಿಯುತ್ತದೆ. ಆಫೀಸು ಬಿಡುವ ಹೊತ್ತಿಗೂ ಮಳೆಗೂ ಗಂಟು ಬಿದ್ದರೆ ಹೆಬ್ಬಾಳದಲ್ಲಿ ಗಾಡಿ ಅಲುಗುವುದಿಲ್ಲ. ಆದ್ದರಿಂದ ಬೆಳಗ್ಗೆ ಎಂಟೂವರೆಗೆ ಮನೆ ಬಿಟ್ಟು ನಾಲ್ಕಕ್ಕೆ ಮರಳುವ ಲೆಕ್ಕವೇ ಈ ತಿರುಗಾಟದ ಬೆನ್ನೆಲುಬು.

ಇಡೀ ರಾಜ್ಯದ ಮಳೆ ಲೆಕ್ಕ ಇಡುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇರುವುದು ಯಲಹಂಕದಲ್ಲೇ. ಅದರ 'ವರುಣಮಿತ್ರ' ಸಹಾಯವಾಣಿಗೆ (92433 45433) ಕರೆ ಮಾಡಿದರೆ ನಿಮ್ಮ ಭಾಗದ ಮುನ್ಸೂಚನೆ ಹೇಳುತ್ತಾರೆ. 'ಬೆಂಗಳೂರು ಮೇಘಸಂದೇಶ' ಎಂಬ ಆ್ಯಪ್ ಕೂಡ ಇದೆ. ಹೊರಡುವ ಹಿಂದಿನ ರಾತ್ರಿ ಒಮ್ಮೆ, ಊಟ ಮುಗಿದ ಮೇಲೆ ಒಮ್ಮೆ ನೋಡಿ. ಎರಡನೆಯದನ್ನು ಮರೆಯಬೇಡಿ, ಮನೆಗೆ ಯಾವಾಗ ತಿರುಗಬೇಕು ಎಂದು ಹೇಳುವುದು ಅದೇ.

ನೀರು ನಿಂತ ಅಂಡರ್‌ಪಾಸ್‌ಗೆ ಇಳಿಯಬೇಡಿ

ಉಳಿದ ಸಲಹೆಗಳನ್ನು ಬಿಟ್ಟರೂ ಇದನ್ನು ಬಿಡಬೇಡಿ. 2023ರ ಮೇ 21ರ ಭಾನುವಾರ ಮಧ್ಯಾಹ್ನ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಒಂದು ಬಾಡಿಗೆ ಕಾರು ಮುಳುಗಿತು. ಅದರಲ್ಲಿದ್ದವರು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಯುವತಿ ಮತ್ತು ಆಂಧ್ರದಿಂದ ಊರು ನೋಡಲು ಬಂದಿದ್ದ ಅವರ ಮನೆಯವರು. ಉಳಿದವರನ್ನು ಎಳೆದು ಕಾಪಾಡಿದರು. ಆ ಹುಡುಗಿ ಉಳಿಯಲಿಲ್ಲ. ನಿಮ್ಮ ಹಾಗೆಯೇ ಮನೆಯವರನ್ನು ಸುತ್ತಾಡಿಸಲು ಹೊರಟಿದ್ದವರು ಅವರು.

ಉತ್ತರದಿಂದ ಊರೊಳಗೆ ಹೋಗುವ ಬಳ್ಳಾರಿ ರಸ್ತೆಯಲ್ಲಿ ಮೇಖ್ರಿ ವೃತ್ತ, ಮುಂದೆ ಕಾವೇರಿ ಜಂಕ್ಷನ್, ಎರಡೂ ಕಡೆ ಅಂಡರ್‌ಪಾಸ್ ಇದೆ. ಜೋರು ಮಳೆ ಬರುತ್ತಿದ್ದರೆ ಮೇಲಿನ ಸರ್ವಿಸ್ ರಸ್ತೆಯಲ್ಲೇ ಹೋಗಲು ಚಾಲಕರಿಗೆ ಮೊದಲೇ ಹೇಳಿ. ಸಿಗ್ನಲ್‌ನಲ್ಲಿ ಹತ್ತು ನಿಮಿಷ ಹೆಚ್ಚು ನಿಂತರೆ ನಷ್ಟವೇನಿಲ್ಲ. ನೀರು ಎಷ್ಟು ಆಳ ಎಂದು ಕಣ್ಣಳತೆಯಲ್ಲಿ ಹೇಳುವುದು ಯಾರಿಂದಲೂ ಆಗುವುದಿಲ್ಲ. ಮುಂದಿನ ಕಾರು ದಾಟಿತು ಎಂಬುದೂ ಆಧಾರವಲ್ಲ.

ತಗ್ಗು ಪ್ರದೇಶಗಳ ಮಾತೂ ಇದೇ. ಯಲಹಂಕ, ಅಳ್ಳಾಳಸಂದ್ರ, ಜಕ್ಕೂರು, ರಾಚೇನಹಳ್ಳಿ ಕೆರೆಗಳು ಒಂದರ ಕೋಡಿ ನೀರು ಇನ್ನೊಂದಕ್ಕೆ ಹರಿಯುವ ಸರಣಿ. ಕೆರೆ ತುಂಬಿದಾಗ ರಾಜಕಾಲುವೆಯ ಪಕ್ಕದ ಬಡಾವಣೆಗಳಿಗೆ ನೀರು ನುಗ್ಗುತ್ತದೆ. ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟ್ 2021ರ ನವೆಂಬರ್‌ನಲ್ಲೂ 2024ರ ಅಕ್ಟೋಬರ್‌ನಲ್ಲೂ ಜಲಾವೃತವಾಗಿ ಜನರನ್ನು ದೋಣಿಯಲ್ಲಿ ಹೊರತರಬೇಕಾಯಿತು. ನಿಮ್ಮ ಮನೆಯೇ ಇಂಥ ಕಡೆ ಇದ್ದು ಹಿಂದಿನ ರಾತ್ರಿ ಜೋರು ಮಳೆಯಾಗಿದ್ದರೆ ಆ ದಿನ ತಿರುಗಾಟ ಬೇಡ. ತುರ್ತಿಗೆ 112, ಮರ ಬಿದ್ದದ್ದು ನೀರು ನಿಂತದ್ದು ಹೇಳಲು ಪಾಲಿಕೆಯ 1533 ಎರಡನ್ನೂ ಮೊಬೈಲಿನಲ್ಲಿ ಇಟ್ಟುಕೊಳ್ಳಿ.

ಗಾಡಿ ಯಾವುದು, ದಾರಿ ಯಾವುದು

ಮಳೆ ಶುರುವಾದ ಮೇಲೆ ಆ್ಯಪ್‌ನಲ್ಲಿ ಕ್ಯಾಬ್ ಹುಡುಕುವುದು ದಿನದ ಅತಿ ಬೇಸರದ ಕೆಲಸ. ಆರು ಜನರಿದ್ದರೆ ಎರಡು ಆಟೊ ಹಿಡಿಯಬೇಕು. ಒಂದು ಆಟೊದವರು ತಲುಪಿ ಮಳೆಯಲ್ಲಿ ನಿಂತಿರುತ್ತಾರೆ, ಇನ್ನೊಂದು ಎಲ್ಲಿದೆಯೋ ತಿಳಿಯುವುದಿಲ್ಲ. ಏಳು ಸೀಟಿನ ಕಾರನ್ನು ಎಂಟು ಗಂಟೆ-ಎಂಬತ್ತು ಕಿಲೋಮೀಟರ್ ಲೆಕ್ಕದಲ್ಲಿ ಹಿಂದಿನ ದಿನವೇ ಗೊತ್ತುಮಾಡಿಕೊಳ್ಳಿ. ಒದ್ದೆ ಛತ್ರಿ, ಬದಲಿ ಬಟ್ಟೆ, ಕೊಂಡ ಸಾಮಾನು ಇಡಲು ಜಾಗವೂ ಆಯಿತು.

ಕಾರು ಬೇಡವೆಂದರೆ ಹಸಿರು ಮಾರ್ಗದ ಮೆಟ್ರೊ ಇದೆ. ಯಶವಂತಪುರ, ಸ್ಯಾಂಡಲ್ ಸೋಪ್ ಫ್ಯಾಕ್ಟರಿ, ಮಹಾಲಕ್ಷ್ಮಿ, ಮಹಾಕವಿ ಕುವೆಂಪು ರಸ್ತೆ, ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ, ಈ ನಿಲ್ದಾಣಗಳ ಸುತ್ತಲೇ ಮುಂದೆ ಹೇಳುವ ಮಲ್ಲೇಶ್ವರದ ಗುಡಿಗಳು, ಇಸ್ಕಾನ್ ಇವೆ. ಮೊಬೈಲ್ ಕ್ಯೂಆರ್ ಟಿಕೆಟ್ ಒಂದರಲ್ಲಿ ಆರು ಜನರವರೆಗೆ ಹೋಗಬಹುದು. ಕೌಂಟರ್ ಮುಂದೆ ನಿಲ್ಲಬೇಕಿಲ್ಲ. ಎತ್ತರದ ನಿಲ್ದಾಣಗಳಲ್ಲಿ ಗಾಳಿಗೆ ಇರಚಲು ಹೊಡೆದು ನೆಲ ಜಾರುತ್ತದೆ. ಮೊಣಕಾಲು ನೋವಿನವರನ್ನು ಮೆಟ್ಟಿಲು, ಎಸ್ಕಲೇಟರ್ ಬಿಟ್ಟು ಲಿಫ್ಟಿನಲ್ಲೇ ಕರೆದೊಯ್ಯಿರಿ.

ರಾಜ್ಯದ ಹೆಣ್ಣುಮಕ್ಕಳಿಗೆ ಬಿಎಂಟಿಸಿ ಸಾಮಾನ್ಯ ಬಸ್ಸಿನಲ್ಲಿ 'ಶಕ್ತಿ' ಯೋಜನೆಯ ಉಚಿತ ಪ್ರಯಾಣ 2023ರ ಜೂನ್‌ನಿಂದ ಇದೆ. ಅತ್ತೆಯವರ ಆಧಾರ್ ಕಾರ್ಡ್ ಜೊತೆಗಿರಲಿ. ವಜ್ರ, ವಾಯುವಜ್ರದಂಥ ಎಸಿ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ.

ಯಲಹಂಕದವರು ಹೆಬ್ಬಾಳವನ್ನೇ ಮುಟ್ಟದೆ ಹೋಗಬಹುದು. ಎಂ.ಎಸ್. ಪಾಳ್ಯ, ಗಂಗಮ್ಮನ ಗುಡಿ ವೃತ್ತದ ಮೇಲೆ ಜಾಲಹಳ್ಳಿ ಸೇರಿ, ಅಲ್ಲಿಂದ ಯಶವಂತಪುರ. ಹೆಬ್ಬಾಳದಲ್ಲಿ ವಿಮಾನ ನಿಲ್ದಾಣದ ಮೆಟ್ರೊ ಕಾಮಗಾರಿ ಇರುವಾಗ ಈ ಒಳದಾರಿಯೇ ವಾಸಿ. ಆರ್.ಟಿ. ನಗರದವರಿಗೆ ಮೇಖ್ರಿ ವೃತ್ತ, ಸದಾಶಿವನಗರದ ಮೇಲೆ ಮಲ್ಲೇಶ್ವರ ಹತ್ತಿರ.

ಮೊದಲ ಜಾಗ: ಜಾಲಹಳ್ಳಿಯ ಎಚ್‌ಎಂಟಿ ವಸ್ತುಸಂಗ್ರಹಾಲಯ

ಹಿರಿಯರಿರುವ ಗುಂಪಿಗೆ ಉತ್ತರ ಬೆಂಗಳೂರಿನಲ್ಲಿ ಇದಕ್ಕಿಂತ ಒಳ್ಳೆಯ ಸೂರು ನನಗೆ ಗೊತ್ತಿಲ್ಲ. ಎಚ್‌ಎಂಟಿ 1953ರಲ್ಲಿ ಯಂತ್ರೋಪಕರಣ ತಯಾರಿಸಲು ಹುಟ್ಟಿದ ಸರ್ಕಾರಿ ಕಂಪನಿ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡತೊಡಗಿತು. ವಾಚು ತಯಾರಿಕೆ ನಿಲ್ಲಿಸುವ ತೀರ್ಮಾನ 2016ರಲ್ಲಿ ಆಯಿತು. 2019ರಲ್ಲಿ ಎಚ್‌ಎಂಟಿ ಎಸ್ಟೇಟಿನ ಹಳೆಯ ಬಂಗಲೆಯೊಂದರಲ್ಲಿ ಈ ಸಂಗ್ರಹಾಲಯ ತೆರೆಯಿತು. ಜನತಾ, ಪೈಲಟ್, ಸೋನಾ, ಕಾಂಚನ್ ವಾಚುಗಳು, ಕಣ್ಣು ಕಾಣದವರು ಮುಟ್ಟಿ ಹೊತ್ತು ತಿಳಿಯುವ ಬ್ರೈಲ್ ವಾಚು, ಬಿಡಿಭಾಗ ಮಾಡುತ್ತಿದ್ದ ಯಂತ್ರಗಳು ಎಲ್ಲವನ್ನೂ ಇಲ್ಲಿ ನೋಡಬಹುದು. ಲಾಲ್‌ಬಾಗಿನ ಹೂವಿನ ಗಡಿಯಾರ ಕೊಟ್ಟದ್ದೂ ಇದೇ ಎಚ್‌ಎಂಟಿ.

ಅರವತ್ತು ದಾಟಿದ ಕನ್ನಡಿಗರಲ್ಲಿ ಬಹಳ ಜನರ ಮೊದಲ ವಾಚು ಎಚ್‌ಎಂಟಿ. ಎಷ್ಟೋ ಮದುವೆಗಳಲ್ಲಿ ಅಳಿಯನ ಕೈಗೆ ಮಾವ ಕಟ್ಟಿದ್ದೂ ಅದನ್ನೇ. ಆದ್ದರಿಂದ ಗಾಜಿನ ಪೆಟ್ಟಿಗೆಗಳ ಮುಂದೆ ಅವಸರ ಮಾಡಬೇಡಿ. ಬಿಳಿ ಡಯಲಿನ ಜನತಾ ಕಂಡರೆ ಸಾಕು, ಮಾವನವರು ನಿಂತುಬಿಡುತ್ತಾರೆ. ದಿನಾ ಬೆಳಗ್ಗೆ ಹೆಬ್ಬೆರಳು-ತೋರುಬೆರಳಿನ ನಡುವೆ ಹಿಡಿದು, ಬಿಗಿಯಾಗುವವರೆಗೆ ಕೀ ಕೊಟ್ಟು, ಕಿವಿಗಿಟ್ಟು ಟಿಕ್‌ಟಿಕ್ ಕೇಳಿ, ರೇಡಿಯೊ ವಾರ್ತೆಗೆ ಹೊಂದಿಸಿಕೊಂಡು ಕಟ್ಟುತ್ತಿದ್ದ ಕಾಲ ಅದು. "ನಿಮಗೆ ವಾಚು ಕೊಡಿಸಿದ್ದು ಯಾರು ಮಾವ?" ಎಂದು ಕೇಳಿ. ಅತ್ತೆಯವರ ತಂದೆಯ ಮಾತು ಬರಬಹುದು, ಮದುವೆಯ ಖರ್ಚಿನ ಮಾತು ಬರಬಹುದು, ಮೊದಲ ಸಂಬಳದ ಮಾತು ಬರಬಹುದು. ನಿಮ್ಮ ಹೆಂಡತಿಗೋ ಗಂಡನಿಗೋ ಗೊತ್ತಿಲ್ಲದ ಸಂಗತಿ ಹೊರಬಂದರೂ ಬಂದೀತು. ಮಕ್ಕಳಿಗೆ ಯಂತ್ರಗಳೇ ಸಾಕು.

ಸೋಮವಾರ ರಜೆ. ಒಂದೂವರೆ ಗಂಟೆ ಇಟ್ಟುಕೊಳ್ಳಿ.

ಎರಡನೆಯ ಜಾಗ: ಮಲ್ಲೇಶ್ವರದ ಗುಡಿಗಳು, ಇಲ್ಲವೇ ಇಸ್ಕಾನ್

ದೇವರ ದರ್ಶನವಿಲ್ಲದೆ ಊರು ನೋಡಿದ್ದು ಎಂದು ಅನೇಕ ಹಿರಿಯರಿಗೆ ಅನ್ನಿಸುವುದಿಲ್ಲ. ಕಾಡು ಮಲ್ಲೇಶ್ವರ 17ನೇ ಶತಮಾನದ ಗುಡಿ. ಶಿವಾಜಿಯ ಮಲತಮ್ಮ ಏಕೋಜಿ 1669ರಲ್ಲಿ ಮೇದರನಿಂಗನಹಳ್ಳಿಯನ್ನು ಇಲ್ಲಿನ ದೇವರಿಗೆ ದತ್ತಿ ಬಿಟ್ಟ ಶಾಸನವಿದೆ. ಬಡಾವಣೆಗೆ ಹೆಸರು ಬಂದಿದ್ದೇ ಈ ದೇವರಿಂದ. ಎದುರಿಗೇ ದಕ್ಷಿಣಮುಖ ನಂದಿ ತೀರ್ಥ. ಮಣ್ಣಿನಲ್ಲಿ ಹೂತಿದ್ದ ಇದು ಹೊರಬಂದದ್ದು 1990ರ ದಶಕದ ಕೊನೆಯಲ್ಲಿ. ರಸ್ತೆ ಮಟ್ಟದಿಂದ ಕೆಳಗಿಳಿದರೆ ಕಂಬಗಳ ಸಾಲು, ನಡುವೆ ಕಲ್ಯಾಣಿ. ನಂದಿಯ ಬಾಯಿಂದ ನೀರಿನ ಎಳೆ ಕೆಳಗಿನ ಲಿಂಗದ ಮೇಲೆ ಬಿದ್ದು ಕಲ್ಯಾಣಿಗೆ ಸೇರುತ್ತದೆ. ಸುತ್ತಲ ಮಂಟಪಕ್ಕೆ ಸೂರಿದೆ. ಕಲ್ಯಾಣಿಯ ಮೇಲೆ ಆಕಾಶ. ಮಳೆ ಬರುವಾಗ ಕಂಬಕ್ಕೊರಗಿ ಕುಳಿತು ನೋಡಲು ಬಹಳ ಚೆಂದ. ಆದರೆ ಕಲ್ಲಿನ ಮೆಟ್ಟಿಲು ಒದ್ದೆಯಾದಾಗ ಜಾರುತ್ತವೆ. ಇಳಿಯುವಾಗ ಹಿರಿಯರ ಮುಂದೆ ಒಬ್ಬರು, ಪಕ್ಕದಲ್ಲಿ ಒಬ್ಬರು ಇರಲಿ.

1997ರಲ್ಲಿ ಉದ್ಘಾಟನೆಯಾದ ಇಸ್ಕಾನ್ ಮಂದಿರವಾದರೆ ದೊಡ್ಡ ಸೂರು, ಮಕ್ಕಳಿಗೂ ನೋಡಲು ಬೇಕಾದಷ್ಟು. ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಅಥವಾ ಮಹಾಲಕ್ಷ್ಮಿ ನಿಲ್ದಾಣದಲ್ಲಿ ಇಳಿಯಬಹುದು. ವಾರದ ದಿನಗಳಲ್ಲಿ ಮಧ್ಯಾಹ್ನ ದರ್ಶನ ನಿಲ್ಲುತ್ತದೆ, ಬೆಳಗ್ಗೆಯೇ ಹೋಗಿ. ಶನಿವಾರ-ಭಾನುವಾರದ ಜನಸಂದಣಿಯಲ್ಲಿ ವಯಸ್ಸಾದವರಿಗೆ ಕಷ್ಟ.

ಗುಡಿಯ ನಂತರ ಸಂಪಿಗೆ ರಸ್ತೆ, ಎಂಟನೇ ಕ್ರಾಸಿನ ಅಂಗಡಿ ಸಾಲು ಅತ್ತೆಯವರಿಗೆ ಮೀಸಲು. ಊರಿಗೆ ಒಯ್ಯಲು ಮೈಸೂರ್ ಸ್ಯಾಂಡಲ್ ಸೋಪಿನ ಪೆಟ್ಟಿಗೆ ಒಳ್ಳೆಯ ಆಯ್ಕೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರ ಒತ್ತಾಸೆಯಿಂದ ಶುರುವಾದ ಈ ಸೋಪು ಶತಮಾನ ದಾಟಿದೆ. ನಿಮ್ಮ ಮೆಟ್ರೊ ಹಾದುಬಂದ ಆ ನಿಲ್ದಾಣಕ್ಕೆ ಹೆಸರು ಕೊಟ್ಟ ಕಾರ್ಖಾನೆಯಲ್ಲೇ ಅದು ತಯಾರಾಗುತ್ತದೆ.

ಗುಂಪಿಗೆ ತಕ್ಕ ಬದಲಿ ಜಾಗಗಳು

ಮಕ್ಕಳೇ ಹೆಚ್ಚಿದ್ದರೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ. ಗುಂಡಿ ಒತ್ತಿ, ಹಿಡಿಕೆ ತಿರುಗಿಸಿ ನೋಡುವಂಥ ಯಂತ್ರಗಳು, ರೈಟ್ ಸಹೋದರರ ವಿಮಾನದ ಮಾದರಿ, ದೊಡ್ಡ ಡೈನೊಸಾರ್. ಅರ್ಧ ದಿನ ಸಾಲದು. ಸೋಮವಾರವೂ ತೆರೆದಿರುತ್ತದೆ. ಹೈಗ್ರೌಂಡ್ಸ್‌ನ ಜವಾಹರಲಾಲ್ ನೆಹರು ತಾರಾಲಯ (1989) ಮಳೆ ದಿನಕ್ಕೆ ಹೇಳಿ ಮಾಡಿಸಿದ್ದು. ಕನ್ನಡದ ಪ್ರದರ್ಶನದ ಹೊತ್ತು ಬೇರೆ, ಇಂಗ್ಲಿಷಿನದು ಬೇರೆ. ಅತ್ತೆ-ಮಾವನಿಗೆ ಕನ್ನಡದ್ದೇ ಇರಲಿ. ಸೋಮವಾರ ರಜೆ.

ಆರ್.ಟಿ. ನಗರದವರಿಗೆ ವಸಂತನಗರದ ಬೆಂಗಳೂರು ಅರಮನೆ ಹತ್ತಿರ. 1873ರಲ್ಲಿ ರೆವರೆಂಡ್ ಗ್ಯಾರೆಟ್ ಅವರಿಂದ ಮೈಸೂರು ಅರಸರ ಪರವಾಗಿ ಕೊಂಡ ಜಾಗದಲ್ಲಿ ಎದ್ದ ಕಟ್ಟಡ. ಒಳಗೆ ಮೆಟ್ಟಿಲು ಹೆಚ್ಚು, ಅದೊಂದನ್ನು ಯೋಚಿಸಿ.

ಇತಿಹಾಸದ ಆಸಕ್ತಿ ಇರುವವರಿದ್ದರೆ ಮಳೆ ಬಿಟ್ಟ ಹೊತ್ತಿನಲ್ಲಿ ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ತೋರಿಸಿ. ಸುಮಾರು ಕ್ರಿ.ಶ. 750ರ, ಗಂಗರ ಶ್ರೀಪುರುಷನ ಕಾಲದ ಈ ಶಾಸನ 2018ರಲ್ಲಿ ಬೆಳಕಿಗೆ ಬಂತು. ಬೆಂಗಳೂರಿನಲ್ಲಿ ಈವರೆಗೆ ಸಿಕ್ಕ ಕನ್ನಡ ಶಾಸನಗಳಲ್ಲಿ ಇದು ಅತಿ ಹಳೆಯದು. ಕೆಂಪೇಗೌಡರು 1537ರಲ್ಲಿ ಪೇಟೆ ಕಟ್ಟುವುದಕ್ಕೆ ಸುಮಾರು ಎಂಟುನೂರು ವರ್ಷ ಮೊದಲೇ ಈ ಮಣ್ಣಿನಲ್ಲಿ ಕನ್ನಡ ಬರೆಯುವವರಿದ್ದರು ಎಂದು ಮೊಮ್ಮಕ್ಕಳಿಗೆ ತಾತನೇ ಹೇಳಲಿ.

ಊಟ, ತಿಂಡಿ

ಮಲ್ಲೇಶ್ವರಕ್ಕೆ ಬಂದು ಸಿಟಿಆರ್‌ನ ಬೆಣ್ಣೆ ಮಸಾಲೆ ದೋಸೆ ತಿನ್ನದೆ ಹೋದರೆ ಮನಸ್ಸು ಒಪ್ಪುವುದಿಲ್ಲ. ವಾರದ ದಿನ ಬೆಳಗ್ಗೆಯಾದರೆ ಬೇಗ ಜಾಗ ಸಿಗುತ್ತದೆ, ಭಾನುವಾರ ಬಾಗಿಲ ಮುಂದೆ ಕಾಯಬೇಕು, ಮಧ್ಯಾಹ್ನ ಮುಚ್ಚಿರುತ್ತದೆ. ವೀಣಾ ಸ್ಟೋರ್ಸ್‌ನ ಇಡ್ಲಿ-ಚಟ್ನಿ ಬಹಳ ರುಚಿ. ಕೂರಲು ಜಾಗ ಸಿಗದಿದ್ದರೆ ಮಳೆಯಲ್ಲಿ ಹಿರಿಯರನ್ನು ನಿಲ್ಲಿಸಬೇಡಿ, ಕಟ್ಟಿಸಿಕೊಂಡು ಹೋಗಿ. ಜನತಾ ಹೋಟೆಲಿನಲ್ಲಿ ಕುಳಿತು ತಿನ್ನಬಹುದು.

ಮಧ್ಯಾಹ್ನದ ಊಟ ಹನ್ನೆರಡೂವರೆಗೇ ಶುರುವಾಗಲಿ. ಸಕ್ಕರೆ ಕಾಯಿಲೆಯವರಿಗೆ ಹೊತ್ತು ಮೀರಬಾರದು. ಉತ್ತರ ಕರ್ನಾಟಕದಿಂದ ಬಂದವರಾದರೆ ರೊಟ್ಟಿ ಊಟದ ಖಾನಾವಳಿ ಹುಡುಕಿ. ಊರಿನವರಿಗೆ ಬೆಂಗಳೂರಿನ ಊಟ ತೋರಿಸಬೇಕು ಎಂಬ ಹಠ ಒಂದು ಹೊತ್ತಿಗೆ ಸಾಕು. ಇನ್ನೊಂದು ಹೊತ್ತು ಅವರ ನಾಲಿಗೆಗೆ ಹಿಡಿಸುವುದು ಇರಲಿ.

ಮನೆಯವರನ್ನು ಸಂಭಾಳಿಸುವುದು

"ಎಲ್ಲಿಗೆ ಹೋಗೋಣ?" ಎಂದು ಕೇಳಿದರೆ "ಎಲ್ಲಾದರೂ ಸರಿ ಕಣಪ್ಪ" ಎನ್ನುತ್ತಾರೆ. ಸಂಕೋಚದ ಮಾತು ಅದು. "ಗುಡಿ ಮೊದಲೋ, ವಾಚಿನ ಮ್ಯೂಸಿಯಂ ಮೊದಲೋ?" ಎಂದು ಎರಡರಲ್ಲಿ ಒಂದು ಕೇಳಿ, ಉತ್ತರ ಬರುತ್ತದೆ. ಹಿಂದಿನ ರಾತ್ರಿ ಊಟದ ಹೊತ್ತಿಗೆ ಇದು ಇತ್ಯರ್ಥವಾಗಲಿ. ಬೆಳಗ್ಗೆ ಬಾಗಿಲಲ್ಲಿ ಗಂಡ-ಹೆಂಡತಿ ಚರ್ಚೆಗೆ ನಿಂತರೆ ಬಂದವರಿಗೆ ತಾವೇ ಭಾರವಾದೆವೇನೋ ಎನ್ನಿಸುತ್ತದೆ.

ಕಾರಿನಲ್ಲಿ ಮಗಳು ತನ್ನ ತಾಯಿಯ ಪಕ್ಕ ಕೂರಲಿ, ಅಳಿಯ ಮಾವನ ಜೊತೆ ಕೂರಲಿ. ಗಂಡನ ಮನೆಯವರು ಬಂದಿದ್ದರೆ ಮಗ ತನ್ನ ತಾಯಿಗೆ ಛತ್ರಿ ಹಿಡಿಯಲಿ. ಸೊಸೆಯೇ ಎಲ್ಲರ ಚಪ್ಪಲಿ, ಚೀಲ, ಮಾತ್ರೆ ನೋಡಿಕೊಳ್ಳಬೇಕೆಂದಿಲ್ಲ. ಬಿಲ್ಲಿನ ವಿಷಯದಲ್ಲಿ ಜಗಳ ಬೇಡ: ಊಟದ ಬಿಲ್ಲು ನಿಮ್ಮದು, ಕಾಫಿಗೆ ಮಾವನವರು ಪರ್ಸ್ ತೆಗೆದರೆ ತಡೆಯಬೇಡಿ. ಕೊಡುವ ಸಂತೋಷ ಅವರಿಗೂ ಬೇಕು. ಶೌಚಾಲಯ ಎಲ್ಲಿದೆ ಎಂದು ಪ್ರತಿ ಜಾಗದಲ್ಲಿ ಇಳಿದ ಕೂಡಲೇ ನೀವೇ ನೋಡಿ ಹೇಳಿ. ಅತ್ತೆಯವರು ಬಾಯಿಬಿಟ್ಟು ಕೇಳುವುದಿಲ್ಲ, ನೀರು ಕುಡಿಯುವುದನ್ನೇ ಬಿಡುತ್ತಾರೆ.

ಚೀಲದಲ್ಲಿ ಇರಬೇಕಾದದ್ದು

- ಇಬ್ಬರಿಗೊಂದು ದೊಡ್ಡ ಛತ್ರಿ, ಮಕ್ಕಳಿಗೆ ರೈನ್‌ಕೋಟ್
- ಹಿಂದೆ ಪಟ್ಟಿ ಇರುವ ಚಪ್ಪಲಿ (ಹವಾಯಿ ಚಪ್ಪಲಿ ಒದ್ದೆ ನೆಲದಲ್ಲಿ ಜಾರುತ್ತದೆ)
- ಗುಡಿಯ ಒದ್ದೆ ನೆಲದಲ್ಲಿ ನಡೆದು ಬಂದ ಮೇಲೆ ಕಾಲೊರೆಸಲು ಹಳೆಯ ಟವೆಲ್
- ಒದ್ದೆ ಬಟ್ಟೆಗೆ ಎರಡು ಪ್ಲಾಸ್ಟಿಕ್ ಕವರ್. ಮಕ್ಕಳಿಗೆ ಒಂದು ಜೊತೆ ಬದಲಿ ಬಟ್ಟೆ
- ಬಿಪಿ, ಶುಗರ್ ಮಾತ್ರೆ; ಫ್ಲಾಸ್ಕಿನಲ್ಲಿ ಬಿಸಿನೀರು; ಸ್ವಲ್ಪ ಚಕ್ಕುಲಿ-ನಿಪ್ಪಟ್ಟು
- ಹಿರಿಯರಿಗೆ ಸ್ವೆಟರ್ ಅಥವಾ ಶಾಲು, ಕಿವಿಗೆ ಮಫ್ಲರ್
- ಎಲ್ಲರ ಗುರುತಿನ ಚೀಟಿ, ಸ್ವಲ್ಪ ಚಿಲ್ಲರೆ, ಪವರ್‌ಬ್ಯಾಂಕ್

ಗಂಟೆಯ ಲೆಕ್ಕ

8.30: ಲಘು ತಿಂಡಿ ಮುಗಿಸಿ ಹೊರಡುವುದು. 10.00: ಎಚ್‌ಎಂಟಿ ಸಂಗ್ರಹಾಲಯ; ಬೇಗ ತಲುಪಿದರೆ ದಾರಿಯಲ್ಲಿ ಕಾಫಿ. 11.30: ಮಲ್ಲೇಶ್ವರಕ್ಕೆ ಹೊರಟು ಗುಡಿ ಮುಚ್ಚುವ ಮೊದಲೇ ದರ್ಶನ. 12.30: ಊಟ. 1.30: ಎಂಟನೇ ಕ್ರಾಸಿನಲ್ಲಿ ಖರೀದಿ, ಮಳೆ ಇದ್ದರೆ ಒಂದೇ ಸೀರೆ ಅಂಗಡಿಯೊಳಗೆ. 2.45: ಮುನ್ಸೂಚನೆ ನೋಡಿ ಮರಳುವುದು. 4.00: ಮನೆಯಲ್ಲಿ ಕಾಫಿ, ಬೋಂಡ.

ಸೋಮವಾರವಾದರೆ ಎಚ್‌ಎಂಟಿ ಬದಲು ವಿಶ್ವೇಶ್ವರಯ್ಯ ಸಂಗ್ರಹಾಲಯ ಹಾಕಿಕೊಳ್ಳಿ. ಯಾವುದೇ ಜಾಗಕ್ಕೂ ಹೊರಡುವ ಮುನ್ನ ಆ ದಿನದ ಸಮಯ ಒಮ್ಮೆ ವಿಚಾರಿಸಿ. ಬೆಳಗ್ಗೆಯೇ ಸುರಿಯುತ್ತಿದ್ದರೆ ಒಂದೇ ಜಾಗ ಸಾಕು.

ನಂದಿಬೆಟ್ಟ ಹತ್ತಿರವೇ ಇದೆಯಲ್ಲ ಎಂದು ಮಳೆಯಲ್ಲಿ ಹೊರಡಬೇಡಿ. ಮಂಜಿನಲ್ಲಿ ತಿರುವುಗಳೂ ಕಾಣುವುದಿಲ್ಲ, ನೋಟವೂ ಸಿಗುವುದಿಲ್ಲ. ಅದನ್ನು, ತಪ್ಪಲಿನ ಭೋಗನಂದೀಶ್ವರನನ್ನು ಚಳಿಗಾಲಕ್ಕೆ ಇಟ್ಟುಕೊಳ್ಳಿ. ನವೆಂಬರ್‌ನಲ್ಲಿ ಜಿಕೆವಿಕೆ ಆವರಣದಲ್ಲಿ ಕೃಷಿಮೇಳ ನಡೆಯುತ್ತದೆ. ಹೊಲ-ಗದ್ದೆ ಇರುವ ಮಾವನವರಿಗೆ ಅದಕ್ಕಿಂತ ಹಬ್ಬವಿಲ್ಲ. ಊರಿಗೆ ಹೊರಡುವ ಮೊದಲೇ ಆ ತಿಂಗಳಿಗೆ ಮತ್ತೆ ಬರುವಂತೆ ಕರೆಯಿರಿ. ದಿನಾಂಕ ಪ್ರಕಟವಾದ ಕೂಡಲೇ ರೈಲಿನ ಟಿಕೆಟನ್ನೂ ನೀವೇ ಮಾಡಿಸಿ ಕಳಿಸಿ.